ಮ್ಯಾಕ್‌ಬುಕ್‌ನಲ್ಲಿ ರೆವಿಟ್, ರೆವಿಟ್‌ನಲ್ಲಿ ಒಂದು ಹಂಚಿನ ಮನೆ

ಮ್ಯಾಕ್‌ಬುಕ್ ಕೊಳ್ಳಲು ಹೋದ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ಇದಕ್ಕೆ ವಿಂಡೋಸ್ ಹಾಕೋಕೆ ಆಗುತ್ತಾ?" "ಆಗುತ್ತೆ, ತುಂಬಾ ಜನ ಹಾಕ್ಕೊಳ್ತಾರೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಕೇಳಬೇಕಾಗಿದ್ದದ್ದು "ಯಾವ ವಿಂಡೋಸ್?" ಎಂದು. ಆ ಒಂದು ಪದ ಕೇಳದೆ ದುಡ್ಡು ಕೊಟ್ಟು ಬಂದೆ. ಅದರಿಂದ ಏನೆಲ್ಲ ಆಯಿತು, ಕೊನೆಗೆ ಕೆಲಸ ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ. ನನ್ನಂತೆಯೇ ಮ್ಯಾಕ್ ತೆಗೆದುಕೊಂಡು, ಮನೆ ವಿನ್ಯಾಸ ಮಾಡುವ ಸಾಫ್ಟ್‌ವೇರ್ ಆದ ರೆವಿಟ್ ಓಡಿಸಲು ಹೊರಟವರು ಇದನ್ನು ಮೊದಲೇ ಓದಿಕೊಂಡರೆ ಒಂದಷ್ಟು ರಾತ್ರಿ ನಿದ್ದೆ ಉಳಿಯುತ್ತದೆ.

ಶಿವಮೊಗ್ಗದಲ್ಲಿ ಮನೆಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೇ ಜಾಸ್ತಿ ಬರುತ್ತಾರೆ. ಹತ್ತು ವರ್ಷದಿಂದ ರೆವಿಟ್‌ನಲ್ಲೇ ಕೆಲಸ. ಗೊತ್ತಿಲ್ಲದವರಿಗೆ ಒಂದು ಮಾತು: ನಕ್ಷೆ ಬರೆಯುವ ಆಟೊಕ್ಯಾಡ್‌ನಲ್ಲಿ ನಾವು ಗೆರೆ ಎಳೆಯುತ್ತೇವೆ, ರೆವಿಟ್‌ನಲ್ಲಿ ಗೋಡೆ ಕಟ್ಟುತ್ತೇವೆ. ಪ್ಲಾನ್‌ನಲ್ಲಿ ಕಿಟಕಿಯನ್ನು ಒಂದಡಿ ಸರಿಸಿದರೆ ಹೊರನೋಟ ತೋರಿಸುವ ಎಲಿವೇಶನ್, ಕತ್ತರಿಸಿ ತೋರಿಸುವ ಸೆಕ್ಷನ್, ಕಿಟಕಿಗಳ ಪಟ್ಟಿ ಎಲ್ಲವೂ ತಾವಾಗಿಯೇ ಬದಲಾಗುತ್ತವೆ. ಹೆಸರು ಕೂಡ 'ರಿವೈಸ್ ಇನ್‌ಸ್ಟಂಟ್ಲಿ' ಎಂಬುದರಿಂದ ಬಂದದ್ದು, ತಕ್ಷಣ ತಿದ್ದು ಅಂತ. 2000ದಲ್ಲಿ ಮೊದಲ ಆವೃತ್ತಿ ಬಂತು. 2002ರಲ್ಲಿ ಆಟೊಡೆಸ್ಕ್, ಅದನ್ನು ಮಾಡಿದ ಕಂಪನಿಯನ್ನೇ ಕೊಂಡುಕೊಂಡಿತು. ಆವತ್ತಿನಿಂದ ಇವತ್ತಿನವರೆಗೂ ಅದು ವಿಂಡೋಸ್‌ಗೆ ಮಾತ್ರ. ಅವರದೇ ಆಟೊಕ್ಯಾಡ್ 2010ರಲ್ಲಿ ಮತ್ತೆ ಮ್ಯಾಕ್‌ಗೆ ಬಂತು, ರೆವಿಟ್ ಬರಲೇ ಇಲ್ಲ.

ಹಾಗಾದರೆ ಮ್ಯಾಕ್ ಯಾಕೆ ಬೇಕಿತ್ತು ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಕರೆಂಟು. ಮಳೆಗಾಲದಲ್ಲಿ ಸಾಗರದ ಒಳಗಿನ ಹಳ್ಳಿಗೆ ಹೋದರೆ ಬೆಳಗ್ಗೆ ಹೋದ ಕರೆಂಟು ಸಂಜೆಯೂ ಬಂದಿರುವುದಿಲ್ಲ. ನನ್ನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಎರಡು ಗಂಟೆಗೆ ಸುಸ್ತಾಗುತ್ತಿತ್ತು, ಅದರ ಚಾರ್ಜರ್ ಒಂದೇ ಅರ್ಧ ಕಿಲೋ ಭಾರ. ಅದರ ಜೊತೆಗೆ ನನಗೆ ಮ್ಯಾಕ್ ಹೊಸದೂ ಅಲ್ಲ. 2015ರ ಇಂಟೆಲ್ ಮ್ಯಾಕ್‌ಬುಕ್ ಪ್ರೊ ಒಂದಿತ್ತು. ಅದರಲ್ಲಿ ಬೂಟ್ ಕ್ಯಾಂಪ್ ಹಾಕಿಕೊಂಡು ಐದಾರು ವರ್ಷ ರೆವಿಟ್ ಓಡಿಸಿದ್ದೆ. ಕಂಪ್ಯೂಟರ್ ಶುರುವಾಗುವಾಗ ಆಪ್ಷನ್ ಕೀ ಒತ್ತಿ ಹಿಡಿದರೆ ಮ್ಯಾಕ್ ಬೇಕಾ ವಿಂಡೋಸ್ ಬೇಕಾ ಅಂತ ಕೇಳುತ್ತಿತ್ತು. ವಿಂಡೋಸ್ ಆರಿಸಿದರೆ ಅದು ಪೂರ್ತಿ ವಿಂಡೋಸ್ ಕಂಪ್ಯೂಟರೇ. ಅಷ್ಟು ಸಲೀಸು. ಅದೇ ಧೈರ್ಯದಲ್ಲಿ 2024ರ ಜನವರಿಯಲ್ಲಿ ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ತಂದೆ. 16 ಜಿಬಿ ಮೆಮೊರಿ, 512 ಜಿಬಿ ಡಿಸ್ಕ್.

ಮನೆಗೆ ತಂದು ಬೂಟ್ ಕ್ಯಾಂಪ್ ಹುಡುಕಿದೆ. ಇರಲಿಲ್ಲ.

ಅದು ಯಾಕೆ ಇಲ್ಲ ಅಂತ ಅರ್ಥ ಮಾಡಿಕೊಳ್ಳಲು ಒಂದು ದಿನ ಹಿಡಿಯಿತು. ಆ್ಯಪಲ್ 2006ರಲ್ಲಿ ಇಂಟೆಲ್ ಚಿಪ್ ಹಾಕಲು ಶುರು ಮಾಡಿತು, ಅದೇ ವರ್ಷ ಬೂಟ್ ಕ್ಯಾಂಪ್ ಕೊಟ್ಟಿತು. ಚಿಪ್ ಒಂದೇ ಜಾತಿಯದ್ದಾದ್ದರಿಂದ ವಿಂಡೋಸ್‌ಗೆ ಆ ಯಂತ್ರದಲ್ಲಿ ಪರಕೀಯ ಅನಿಸುವಂಥದ್ದು ಏನೂ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಎಂ1 ಬಂತು. ಅದು ಆರ್ಮ್ ಜಾತಿಯ ಚಿಪ್, ನಮ್ಮ ಫೋನ್‌ಗಳಲ್ಲಿ ಇರುವಂಥದ್ದು. ಅದರ ಭಾಷೆಯೇ ಬೇರೆ. ರೆವಿಟ್ ಬರೆದಿರುವುದು ಇಂಟೆಲ್ ಭಾಷೆಯಲ್ಲಿ. ಆರ್ಮ್‌ಗೆಂದೇ ಒಂದು ವಿಂಡೋಸ್ 11 ಇದೆ. ಅದರೊಳಗೆ ಇಂಟೆಲ್ ಭಾಷೆಯನ್ನು ಆರ್ಮ್ ಭಾಷೆಗೆ ಆಗಿಂದಾಗಲೇ ಬದಲಿಸಿ ಹೇಳುವ ಒಬ್ಬ ದುಭಾಷಿಯೂ ಇದ್ದಾನೆ. ಆದರೆ ಆ ವಿಂಡೋಸ್ ಮ್ಯಾಕ್‌ನಲ್ಲಿ ನೇರವಾಗಿ ಕೂರುವುದಿಲ್ಲ. ಮ್ಯಾಕ್ ಮನೆಯೊಳಗೆ ಒಂದು ಕೋಣೆ ಕಟ್ಟಿ, ಆ ಕೋಣೆಯಲ್ಲಿ ವಿಂಡೋಸನ್ನು ಬಾಡಿಗೆಗೆ ಕೂರಿಸಿ, ಆ ಬಾಡಿಗೆದಾರನ ಹತ್ತಿರ ದುಭಾಷಿಯನ್ನು ನಿಲ್ಲಿಸಿ, ಅವನ ಮೂಲಕ ರೆವಿಟ್ ಜೊತೆ ಮಾತಾಡಬೇಕು. ನಾನು ಒಂದು ಗೋಡೆ ಎಳೆದರೆ ಇಷ್ಟೂ ಜನರನ್ನು ದಾಟಿ ಹೋಗಬೇಕು.

ಆಟೊಡೆಸ್ಕ್ ಈ ವಿಷಯದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಆ್ಯಪಲ್‌ನ ಹೊಸ ಚಿಪ್‌ಗಳಲ್ಲಿ ರೆವಿಟ್‌ಗೆ ತಮ್ಮ ಬೆಂಬಲ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಬೆಂಬಲ ಇಲ್ಲ ಅಂದರೆ ಓಡುವುದೇ ಇಲ್ಲ ಅಂತಲ್ಲ. ಓಡಿದರೆ ನಿಮ್ಮ ಪುಣ್ಯ, ಕೆಟ್ಟರೆ ಫೋನ್ ಮಾಡಬೇಡಿ ಅಂತ. ಕೊಳ್ಳುವ ಮುಂಚೆ ನಾನು ಓದಬೇಕಾಗಿದ್ದ ಸಾಲು ಅದು.

ಆ ವಾರ ಉಳಿದ ದಾರಿಗಳನ್ನೂ ನೋಡಿದೆ. ಆರ್ಕಿಕ್ಯಾಡ್‌ಗೆ ಹೋಗಿಬಿಡಿ ಎಂದರು ಒಬ್ಬ ಗೆಳೆಯರು. ಅದೂ ರೆವಿಟ್ ಥರದ್ದೇ, ಹಂಗೇರಿಯ ಗ್ರಾಫಿಸಾಫ್ಟ್ ಕಂಪನಿಯದ್ದು, 80ರ ದಶಕದಲ್ಲಿ ಮ್ಯಾಕ್ ಮೇಲೆಯೇ ಹುಟ್ಟಿ ಬೆಳೆದ ಸಾಫ್ಟ್‌ವೇರ್, ಇವತ್ತಿಗೂ ಮ್ಯಾಕ್‌ನಲ್ಲಿ ಚೆನ್ನಾಗಿ ಓಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಸ್ಟ್ರಕ್ಚರಲ್ ಎಂಜಿನಿಯರ್ ಬೆಂಗಳೂರಿನಲ್ಲಿದ್ದಾರೆ, ಅವರ ಕಚೇರಿ ಪೂರ್ತಿ ರೆವಿಟ್. ಹತ್ತು ವರ್ಷದಿಂದ ನಾನು ಮಾಡಿಟ್ಟುಕೊಂಡ ಬಾಗಿಲು, ಕಿಟಕಿ, ಮರದ ಕಂಬ, ಜಂತಿ, ರೀಪು ಎಲ್ಲ ರೆವಿಟ್ ಫ್ಯಾಮಿಲಿಗಳು, ಅಂದರೆ ಮತ್ತೆ ಮತ್ತೆ ಬಳಸುವ ಸಿದ್ಧ ಮಾದರಿಗಳು. ಅದನ್ನೆಲ್ಲ ಬಿಟ್ಟು ಹೊರಡುವುದು ಕಟ್ಟಿದ ಮನೆ ಬಿಟ್ಟು ಹೋದಂತೆ. ವೈನ್ ಎಂಬುದೊಂದಿದೆ, 1993ರಿಂದ ನಡೆದು ಬಂದಿರುವ ಉಚಿತ ಯೋಜನೆ, ವಿಂಡೋಸನ್ನೇ ಹಾಕದೆ ವಿಂಡೋಸ್ ಪ್ರೋಗ್ರಾಮ್ ಓಡಿಸುತ್ತದೆ. ಸಣ್ಣ ಸಾಫ್ಟ್‌ವೇರ್‌ಗಳಿಗೆ ಅದು ವರದಾನ. ರೆವಿಟ್ ವಿಂಡೋಸ್‌ನ ಎಷ್ಟೋ ಒಳಭಾಗಗಳ ಮೇಲೆ ನಿಂತಿದೆ, ಲೈಸೆನ್ಸ್ ನೋಡಿಕೊಳ್ಳುವ ಸೇವೆಯೇ ಬೇರೆ, ಹಾಗಾಗಿ ಅದು ಅಲ್ಲಿ ಇನ್‌ಸ್ಟಾಲ್ ಮುಗಿಸಲಿಲ್ಲ. ಮ್ಯಾಕ್ ಒಳಗೆ ವಿಂಡೋಸ್‌ಗೆ ಆ ಕೋಣೆ ಕಟ್ಟಿಕೊಡುವ ಸಾಫ್ಟ್‌ವೇರ್‌ಗಳಲ್ಲಿ ಯುಟಿಎಂ ಉಚಿತ, ವಿಂಡೋಸ್ ಚೆನ್ನಾಗಿಯೇ ಬರುತ್ತದೆ, ಆದರೆ ಅದರಲ್ಲಿ ವಿಂಡೋಸ್‌ಗೆ ಗ್ರಾಫಿಕ್ಸ್ ಚಿಪ್‌ನ ಸಹಾಯ ಸಿಗುವುದಿಲ್ಲ. ತ್ರೀಡಿ ಕೆಲಸಕ್ಕೆ ಅದು ಆಗದ ಮಾತು. ವಿಎಂವೇರ್ ಫ್ಯೂಷನ್‌ಗೆ ಆಗ ವ್ಯಾಪಾರದ ಬಳಕೆಗೆ ದುಡ್ಡು ಕೊಡಬೇಕಿತ್ತು. 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿದೆ, ಈಗ ಶುರು ಮಾಡುವವರು ಅದನ್ನೂ ಒಮ್ಮೆ ನೋಡಿ. ನಾನು ಅದೇ ಜಾತಿಯ ಪ್ಯಾರಲಲ್ಸ್ ಹಿಡಿದೆ. 2023ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟೇ ಆರ್ಮ್ ವಿಂಡೋಸ್ 11ನ್ನು ಎಂ1, ಎಂ2 ಮ್ಯಾಕ್‌ಗಳ ಮೇಲೆ ಪ್ಯಾರಲಲ್ಸ್ ಒಳಗೆ ಓಡಿಸಲು ಒಪ್ಪಿಗೆ ಕೊಟ್ಟಿದೆ. ವಿಂಡೋಸ್ ಲೈಸೆನ್ಸ್ ಬೇರೆ ಕೊಳ್ಳಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಾಕುವ ಕೆಲಸ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ವಿಂಡೋಸನ್ನು ಪ್ಯಾರಲಲ್ಸ್ ತಾನೇ ಇಳಿಸಿಕೊಂಡಿತು. ಅರ್ಧ ಗಂಟೆಯಲ್ಲಿ ಮ್ಯಾಕ್ ಪರದೆಯೊಳಗೆ ವಿಂಡೋಸ್ ಪರದೆ. ರೆವಿಟ್ ಇನ್‌ಸ್ಟಾಲ್ ಮಾತ್ರ ಎರಡು ಸಲ ಅರ್ಧಕ್ಕೆ ನಿಂತಿತು. ಕಾರಣ ಆಮೇಲೆ ತಿಳಿಯಿತು. ಪ್ಯಾರಲಲ್ಸ್ ನಮ್ಮ ಅನುಕೂಲಕ್ಕೆ ಅಂತ ಮ್ಯಾಕ್‌ನ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ವಿಂಡೋಸ್ ಒಳಗೂ ಅದೇ ಹೆಸರಲ್ಲಿ ತೋರಿಸುತ್ತದೆ. ನೋಡುವುದಕ್ಕೆ ವಿಂಡೋಸ್ ಫೋಲ್ಡರ್. ನಿಜದಲ್ಲಿ ವಿಂಡೋಸ್ ಕಣ್ಣಿಗೆ ಅದು ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಕಂಪ್ಯೂಟರ್. ನಾನು ಇನ್‌ಸ್ಟಾಲರನ್ನು ಡೌನ್‌ಲೋಡ್ಸ್‌ನಿಂದಲೇ ಓಡಿಸುತ್ತಿದ್ದೆ. ಸಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ, ಸೆಟ್ಟಿಂಗ್‌ನಲ್ಲಿ ಆ ಫೋಲ್ಡರ್ ಹಂಚಿಕೆಯನ್ನು ನಿಲ್ಲಿಸಿ ಮತ್ತೆ ಓಡಿಸಿದೆ. ಒಂದೇ ಸಲಕ್ಕೆ ಮುಗಿಯಿತು. ಹಾಕಿದ್ದು 2024ರ ಆವೃತ್ತಿ. ಆಮೇಲೆ 2025ರದ್ದು ಬಂದಾಗಲೂ ಬದಲಿಸಲಿಲ್ಲ, ಯಾಕೆಂದರೆ ಎಂಜಿನಿಯರ್ 2024ರಲ್ಲೇ ಇದ್ದರು ಮತ್ತು ಹೊಸ ರೆವಿಟ್‌ನಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ತೆರೆಯುವುದೇ ಇಲ್ಲ.

ಇನ್ನು ಮೆಮೊರಿ. ಇದೊಂದನ್ನು ದಯವಿಟ್ಟು ಗಮನ ಇಟ್ಟು ಓದಿ. ರೆವಿಟ್ 2024 ಕೇಳುವ ಕನಿಷ್ಠ ಮೆಮೊರಿ 16 ಜಿಬಿ. ನನ್ನ ಮ್ಯಾಕ್‌ನಲ್ಲಿ ಇರುವುದೇ 16. ಪೂರ್ತಿ ವಿಂಡೋಸ್‌ಗೆ ಕೊಟ್ಟರೆ ಮ್ಯಾಕ್‌ಗೆ ಉಸಿರಾಡಲು ಜಾಗ ಇರುವುದಿಲ್ಲ. ಪ್ಯಾರಲಲ್ಸ್‌ನ ಸಾಮಾನ್ಯ ಆವೃತ್ತಿಯಲ್ಲಿ ಹೇಗೂ 8 ಜಿಬಿ ಮತ್ತು 4 ಕೋರ್‌ಗಿಂತ ಜಾಸ್ತಿ ಕೊಡಲು ಬರುವುದಿಲ್ಲ, ಅದಕ್ಕೆ ಪ್ರೊ ಆವೃತ್ತಿಯ ಚಂದಾ ಬೇಕು. ಮೊದಲ ತಿಂಗಳು 8ರಲ್ಲೇ ಎಳೆದೆ. ಆಮೇಲೆ ಪ್ರೊ ಹಾಕಿಸಿ 10 ಜಿಬಿ ಕೊಟ್ಟೆ, ಮ್ಯಾಕ್ ಕಡೆ ಬ್ರೌಸರ್ ಕೂಡ ಮುಚ್ಚಿಟ್ಟು ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡೆ. ಆ್ಯಪಲ್‌ನ ಈ ಯಂತ್ರಗಳಲ್ಲಿ ಮೆಮೊರಿಯನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಕೊಳ್ಳುವ ದಿನ ತೆಗೆದುಕೊಂಡದ್ದೇ ಕೊನೆ. ಇವತ್ತು ಕೊಳ್ಳುವುದಾದರೆ ನಾನು 24ಕ್ಕಿಂತ ಕಡಿಮೆಯದನ್ನು ಮುಟ್ಟುವುದಿಲ್ಲ. ಬಣ್ಣ, ಪರದೆ, ಡಿಸ್ಕ್ ಎಲ್ಲದರಲ್ಲೂ ರಾಜಿ ಮಾಡಿಕೊಳ್ಳಿ, ಇದರಲ್ಲಿ ಬೇಡ.

ಕೈಗೆ ಒಗ್ಗಿಸಿಕೊಳ್ಳುವುದೇ ಒಂದು ಕೆಲಸ ಆಯಿತು. ರೆವಿಟ್‌ನಲ್ಲಿ ಮೌಸ್‌ನ ನಡುವಿನ ಗುಂಡಿ ಒತ್ತಿ ಎಳೆದರೆ ಚಿತ್ರ ಸರಿಯುತ್ತದೆ, ಶಿಫ್ಟ್ ಜೊತೆ ಒತ್ತಿದರೆ ಮನೆ ತಿರುಗುತ್ತದೆ. ಟ್ರ್ಯಾಕ್‌ಪ್ಯಾಡ್‌ಗೆ ನಡುವಿನ ಗುಂಡಿ ಎಲ್ಲಿದೆ? ಎರಡು ದಿನ ಒದ್ದಾಡಿ, ಚಕ್ರ ಇರುವ ಸಾದಾ ತಂತಿ ಮೌಸ್ ತಂದೆ. ಸಮಸ್ಯೆ ಅಲ್ಲಿಗೆ ಮುಗಿಯಿತು. ಎರಡಕ್ಷರದ ಶಾರ್ಟ್‌ಕಟ್‌ಗಳು, ಅಂದರೆ ಡಬ್ಲ್ಯು, ಎ ಒತ್ತಿದರೆ ಗೋಡೆ, ಡಿ, ಆರ್ ಒತ್ತಿದರೆ ಬಾಗಿಲು, ಎಲ್ಲ ಇದ್ದ ಹಾಗೇ ನಡೆದವು. ಕಂಟ್ರೋಲ್ ಬದಲು ಕಮಾಂಡ್ ಕೀ ಒತ್ತುವುದು ಒಂದು ವಾರಕ್ಕೆ ಬೆರಳಿಗೆ ಬಂತು. ಪರದೆಯ ವಿಷಯದಲ್ಲಿ ಒಂದು ಸಲಹೆ ಇದೆ. ಮ್ಯಾಕ್ ಪರದೆಯ ಪೂರ್ತಿ ಸೂಕ್ಷ್ಮತೆಯನ್ನು ವಿಂಡೋಸ್‌ಗೆ ಕೊಡಬೇಡಿ. ಅಕ್ಷರ ಸ್ವಲ್ಪ ಮಂಕಾಗಿ ಕಂಡರೂ ಪರವಾಗಿಲ್ಲ, ರೆಸಲ್ಯೂಶನ್ ಇಳಿಸಿದರೆ ತ್ರೀಡಿ ತಿರುಗುವುದು ಎಷ್ಟೋ ಹಗುರವಾಗುತ್ತದೆ. ರೆವಿಟ್‌ಗೆ ಕಾಣುವ ಗ್ರಾಫಿಕ್ಸ್ ಕಾರ್ಡ್ ನಿಜವಾದದ್ದಲ್ಲ, ಪ್ಯಾರಲಲ್ಸ್ ತೋರಿಸುವ ಒಂದು ವೇಷ. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್ 11ರಲ್ಲಿ ರೆವಿಟ್ ಕೇಳಿದ್ದನ್ನು ಅದು ಆ್ಯಪಲ್‌ನ ಗ್ರಾಫಿಕ್ಸ್ ಭಾಷೆಯಾದ ಮೆಟಲ್‌ಗೆ ಬದಲಿಸಿ ಹೇಳುತ್ತದೆ. ರೆವಿಟ್‌ಗೆ ಅಷ್ಟು ಸಾಕು. ಡೈರೆಕ್ಟ್‌ಎಕ್ಸ್ 12 ಬೇಕೆನ್ನುವ ಸಾಫ್ಟ್‌ವೇರ್‌ಗಳಿಗೆ ಈ ದಾರಿ ಇಲ್ಲ, ಅದನ್ನು ನೆನಪಿಡಿ.

ಈಗ ಆ ಮನೆ. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಕುಟುಂಬ. ಕೆಂಪುಕಲ್ಲಿನ ಗೋಡೆ, ಮುಂದೆ ಉದ್ದ ಜಗಲಿ, ನಡುವೆ ಅಂಗಳ, ಮೇಲೆ ಮಂಗಳೂರು ಹಂಚು. ಮಾರ್ಚ್‌ನಲ್ಲಿ ಶುರು ಮಾಡಿದೆ. ಗೋಡೆ, ಕಂಬ, ಬಾಗಿಲು ಏಳುವವರೆಗೆ ಯಾವ ತೊಂದರೆಯೂ ಆಗಲಿಲ್ಲ. ಫೈಲ್ 40 ಎಂಬಿ ಇತ್ತು. ಕ್ಲಿಕ್ ಮಾಡಿದ್ದಕ್ಕೂ ಗೋಡೆ ಬರುವುದಕ್ಕೂ ನಡುವೆ ಒಂದು ಸಣ್ಣ ತಡ ಇರುತ್ತಿತ್ತು, ಅಷ್ಟೇ. ದುಭಾಷಿ ಯೋಚಿಸಿ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಮಾಡು ಹಾಕಲು ಕೂತೆ. ನನಗೆ ಹಂಚಿನ ಮನೆ ಅಂದರೆ ಪ್ರೀತಿ. ಸೂರಿನ ಅಂಚಿನಲ್ಲಿ ಹಂಚು ಮುಂದೆ ಎಷ್ಟು ಚಾಚಿರಬೇಕು, ಮೂಲೆಯಲ್ಲಿ ಮೂಲೆಹಂಚು ಹೇಗೆ ಕೂರಬೇಕು, ಎಲ್ಲಿ ಕತ್ತರಿಸಬೇಕಾಗುತ್ತದೆ ಎಲ್ಲವನ್ನೂ ಮೊದಲೇ ನೋಡಿಬಿಡಬೇಕು ಅನ್ನುವ ಆಸೆ. ಒಂದು ಹಂಚನ್ನು ಕೈಯಲ್ಲಿ ಹಿಡಿದು, ಸ್ಕೇಲ್ ಇಟ್ಟು ಅಳೆದು, ಅದರ ಉಬ್ಬು, ತಗ್ಗು, ಹಿಂದಿನ ಕೊಕ್ಕೆ ಸಮೇತ ರೆವಿಟ್‌ನಲ್ಲಿ ಫ್ಯಾಮಿಲಿ ಮಾಡಿದೆ. ತುಂಬಾ ಚೆನ್ನಾಗಿ ಬಂತು. ಆಮೇಲೆ ಅದನ್ನು ಮಾಡಿನ ತುಂಬ ಸಾಲಾಗಿ ಹರಡಿದೆ. ಮಾಡಿನ ಒಟ್ಟು ವಿಸ್ತೀರ್ಣ 240 ಚದರ ಮೀಟರ್. ಚದರ ಮೀಟರ್‌ಗೆ ಸುಮಾರು 15 ಹಂಚು. ಅಂದರೆ 3600 ಹಂಚು, ಪ್ರತಿಯೊಂದರಲ್ಲೂ ಹತ್ತಾರು ಬಾಗಿದ ಮೇಲ್ಮೈ.

ನಾಲ್ಕನೇ ಸಾಲು ಹಾಕುವಾಗಲೇ ಮೌಸ್ ಗುರುತು ನಿಂತು ನಿಂತು ಚಲಿಸತೊಡಗಿತು. ಹತ್ತನೇ ಸಾಲಿಗೆ ಒಂದು ಕ್ಲಿಕ್ ಮಾಡಿ ಹತ್ತು ಎಣಿಸಬೇಕಿತ್ತು. ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ಶಿವಮೊಗ್ಗದ ಮೇ ತಿಂಗಳ ಮಧ್ಯಾಹ್ನ ಕೀಲಿಮಣೆಯ ಮೇಲಿನ ಪಟ್ಟಿ ಮುಟ್ಟಿದರೆ ಬೆರಳು ತೆಗೆಯುವಂತಾಗಿತ್ತು. ಬಿಸಿಯಾದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ಇನ್ನೂ ನಿಧಾನ. ಅರ್ಧ ಮಾಡು ಮುಚ್ಚುವಷ್ಟರಲ್ಲಿ ವಿಂಡೋಸ್ ಪರದೆ ಬಿಳಿಚಿಕೊಂಡು ನಿಂತೇಬಿಟ್ಟಿತು. ಫೈಲ್ 190 ಎಂಬಿ ದಾಟಿತ್ತು.

ಆ ರಾತ್ರಿ ಕೂತು ಯೋಚಿಸಿದೆ. ಮೇಸ್ತ್ರಿಗೆ ನಾನು ಕೊಡಬೇಕಾದ್ದು ಏನು? ಇಳಿಜಾರು ಎಷ್ಟು, ರೀಪಿನಿಂದ ರೀಪಿಗೆ ದೂರ ಎಷ್ಟು, ಸೂರು ಎಷ್ಟು ಚಾಚಬೇಕು, ಹಂಚು ಎಷ್ಟು ಬೇಕು. ಇಷ್ಟೇ ಅಲ್ವಾ? ಒಂದೊಂದು ಹಂಚನ್ನೂ ಅವರಿಗೆ ಚಿತ್ರ ಬರೆದು ತೋರಿಸಬೇಕಾಗಿಲ್ಲ, ಹಂಚು ಹೊದಿಸುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮರುದಿನ 3ಡಿ ಹಂಚನ್ನೆಲ್ಲ ಅಳಿಸಿದೆ. ಮಾಡನ್ನು ಒಂದು ಸಾದಾ ಇಳಿಜಾರು ಹಲಗೆಯಾಗಿ ಮಾಡಿ, ಅದರ ಮೇಲೆ ಹಂಚಿನ ಸಾಲಿನಷ್ಟೇ ಅಂತರದ ಗೆರೆಗಳ ಪ್ಯಾಟರ್ನ್ ಹೊದಿಸಿದೆ. ಸೂರಿನ ಅಂಚಿಗೆ ಒಂದು ಸಾಲು, ಮೂಲೆಗೆ ಒಂದು ಸಾಲು ಮಾತ್ರ ನಿಜವಾದ ಹಂಚು ಉಳಿಸಿಕೊಂಡೆ. ಹಂಚಿನ ಲೆಕ್ಕಕ್ಕೆ ರೆವಿಟ್‌ನ ಶೆಡ್ಯೂಲ್‌ನಲ್ಲಿ, ಅಂದರೆ ಲೆಕ್ಕದ ಪಟ್ಟಿಯಲ್ಲಿ, ಒಂದು ಕಾಲಂ ಸೇರಿಸಿದೆ: ಮಾಡಿನ ವಿಸ್ತೀರ್ಣ ಗುಣಿಸು 15. ಸೂರನ್ನು ಅರ್ಧ ಅಡಿ ಮುಂದೆ ತಂದರೆ ಹಂಚಿನ ಸಂಖ್ಯೆ ತಾನೇ ಏರುತ್ತದೆ. ಫೈಲ್ ಮತ್ತೆ 50 ಎಂಬಿಗೆ ಇಳಿಯಿತು. ಕಂಪ್ಯೂಟರ್ ತಣ್ಣಗಾಯಿತು.

ಅದರ ಜೊತೆ ಇನ್ನೂ ಕೆಲವು ಅಭ್ಯಾಸ ಮಾಡಿಕೊಂಡೆ. ಕೆಲಸ ಮಾಡುವಾಗ ನೆರಳು ಆರಿಸಿಡುತ್ತೇನೆ. ಬಣ್ಣ, ಕಲ್ಲಿನ ಚಿತ್ರ ಎಲ್ಲ ತೋರಿಸುವ ನೋಟ ಬೇಡ, ಬರೀ ಗೆರೆಯ ನೋಟ ಸಾಕು. ಮನೆಯ ಒಂದು ಭಾಗವನ್ನು ಮಾತ್ರ ಸೆಕ್ಷನ್ ಬಾಕ್ಸ್‌ನಲ್ಲಿ ಕತ್ತರಿಸಿಟ್ಟುಕೊಂಡು ಅಷ್ಟನ್ನೇ ನೋಡುತ್ತೇನೆ. ಪರದೆಯ ಮೇಲೆ ತೆರೆದಿರುವ ಬೇಡದ ನೋಟಗಳನ್ನು ಆಗಾಗ ಮುಚ್ಚುತ್ತೇನೆ. ಇವೆಲ್ಲ ಒಳ್ಳೆಯ ವಿಂಡೋಸ್ ಕಂಪ್ಯೂಟರ್‌ನಲ್ಲೂ ಮಾಡಬೇಕಾದವೇ. ಅಲ್ಲಿ ಮಾಡದಿದ್ದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ನನಗೆ ನಿಜವಾಗಿ ನೋವಾದದ್ದು ಜೂನ್‌ನಲ್ಲಿ. ಬಾಗಿಲು ಕಿಟಕಿಗಳಿಗೆ ನಂಬರ್ ಹಾಕುವ ಒಂದು ಸಣ್ಣ ಪ್ಲಗಿನ್ ಹಾಕಿದೆ. ಅದಾದ ಮೇಲೆ ರೆವಿಟ್ ತೆರೆಯಲೇ ಇಲ್ಲ. ಪ್ಯಾರಲಲ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಅಂತ ಒಂದು ಸೌಲಭ್ಯ ಇದೆ. ವಿಂಡೋಸ್ ಈ ಕ್ಷಣ ಹೇಗಿದೆಯೋ ಹಾಗೇ ಫೋಟೋ ತೆಗೆದಿಟ್ಟ ಹಾಗೆ, ಆಮೇಲೆ ಬೇಕಾದಾಗ ಆ ಕ್ಷಣಕ್ಕೆ ವಾಪಸ್ ಹೋಗಬಹುದು. ಐದು ದಿನದ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಇತ್ತು. ಸರಿ, ಪ್ಲಗಿನ್ ಹಾಕುವ ಮುಂಚಿನ ಸ್ಥಿತಿಗೆ ಹೋದರಾಯಿತು ಅಂದುಕೊಂಡೆ. ಈಗಿನ ಸ್ಥಿತಿಯನ್ನು ಉಳಿಸಬೇಕಾ ಎಂದು ಅದು ಕೇಳಿತು ಕೂಡ. ಡಿಸ್ಕ್‌ನಲ್ಲಿ ಜಾಗ ಕಡಿಮೆ ಇತ್ತು, ಬೇಡ ಎಂದು ಒತ್ತಿದೆ.

ರೆವಿಟ್ ಚೆನ್ನಾಗಿ ತೆರೆಯಿತು. ಮನೆಯ ಫೈಲ್ ತೆರೆದರೆ ಅಡುಗೆಮನೆಯ ಕಪಾಟು ಇಲ್ಲ. ಬಚ್ಚಲಿನ ನೆಲದ ಇಳಿಜಾರು ಇಲ್ಲ. ಮಾಡಿನ ಮರದ ಕೆಲಸ ಅರ್ಧ ಇಲ್ಲ. ಆಗ ತಲೆಗೆ ಹೊಳೆಯಿತು. ನನ್ನ ಫೈಲ್ ಇದ್ದದ್ದು ಆ ವಿಂಡೋಸ್‌ನ ಸಿ ಡ್ರೈವ್‌ನಲ್ಲಿ. ವಿಂಡೋಸ್ ಐದು ದಿನ ಹಿಂದೆ ಹೋದರೆ ಸಿ ಡ್ರೈವ್ ಕೂಡ ಐದು ದಿನ ಹಿಂದೆ ಹೋಗುತ್ತದೆ. ರೆವಿಟ್ ತಾನೇ ಇಡುವ ಬ್ಯಾಕಪ್ ಪ್ರತಿಗಳೂ ಅದೇ ಫೋಲ್ಡರ್‌ನಲ್ಲಿ, ಅವೂ ಹೋದವು. ಸುಮ್ನೆ ಪರದೆ ನೋಡುತ್ತಾ ಕೂತುಬಿಟ್ಟೆ. ಎರಡು ದಿನದ ಹಿಂದೆ ಎಂಜಿನಿಯರ್‌ಗೆ ಮೇಲ್‌ನಲ್ಲಿ ಕಳಿಸಿದ್ದ ಪ್ರತಿಯೊಂದು ಸಿಕ್ಕಿತು. ಅದರಿಂದ ಮೂರು ದಿನದ ಕೆಲಸ ಉಳಿಯಿತು. ಉಳಿದೆರಡು ದಿನದ್ದನ್ನು, ಮ್ಯಾಕ್ ಕಡೆ ಇದ್ದ ಪಿಡಿಎಫ್‌ಗಳನ್ನು ಪಕ್ಕದಲ್ಲಿಟ್ಟುಕೊಂಡು ಎರಡು ರಾತ್ರಿ ಕೂತು ಮತ್ತೆ ಮಾಡಿದೆ.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕೆಲಸ ನಡೆಯುವುದು ಸಿ ಡ್ರೈವ್‌ನಲ್ಲೇ, ಯಾಕೆಂದರೆ ಮ್ಯಾಕ್ ಫೋಲ್ಡರ್‌ನಿಂದ ನೇರವಾಗಿ ತೆರೆದರೆ ರೆವಿಟ್‌ಗೆ ಅದು ನೆಟ್‌ವರ್ಕ್ ಜಾಗ, ಸೇವ್ ಮಾಡುವುದು ನಿಧಾನ. ಆದರೆ ರೆವಿಟ್ ಮುಚ್ಚಿದ ತಕ್ಷಣ, ಊಟಕ್ಕೆ ಏಳುವ ಮುಂಚೆಯೂ ಸರಿ, ಆ ಫೈಲನ್ನು ತಾರೀಕು ಹಾಕಿ ಮ್ಯಾಕ್ ಕಡೆಯ ಫೋಲ್ಡರ್‌ಗೆ ಕಾಪಿ ಮಾಡುತ್ತೇನೆ. ಆ ಫೋಲ್ಡರ್ ಮ್ಯಾಕ್‌ನದೇ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್ ಮೂಲಕ ಹೊರಗಿನ ಡಿಸ್ಕ್‌ಗೆ ಹೋಗುತ್ತದೆ. ವಿಂಡೋಸ್ ಕೂತಿರುವ ಆ ದೊಡ್ಡ ಫೈಲನ್ನು ಟೈಮ್ ಮಷೀನ್‌ನಿಂದ ಹೊರಗಿಟ್ಟಿದ್ದೇನೆ. ಅದು ನನ್ನಲ್ಲಿ 110 ಜಿಬಿ ಇದೆ, ದಿನಾ ಬದಲಾಗುತ್ತದೆ, ಬ್ಯಾಕಪ್ ಡಿಸ್ಕನ್ನು ತಿಂದುಹಾಕುತ್ತದೆ. ವಿಂಡೋಸ್ ಹೋದರೆ ಒಂದು ದಿನದಲ್ಲಿ ಮತ್ತೆ ಹಾಕಬಹುದು. ಮನೆ ಹೋಗಬಾರದು.

ಮನೆಯವರಿಗೆ ತೋರಿಸುವ ಬಣ್ಣದ ಚಿತ್ರಗಳ ಕಥೆ ಬೇರೆ. ವಿಂಡೋಸ್‌ನಲ್ಲಿ ನಾನು ಎನ್‌ಸ್ಕೇಪ್ ಬಳಸುತ್ತಿದ್ದೆ. ಅದಕ್ಕೆ ನಿಜವಾದ ಗ್ರಾಫಿಕ್ಸ್ ಕಾರ್ಡೇ ಬೇಕು, ವರ್ಚುವಲ್ ಕೋಣೆಯಲ್ಲಿ ಅದಕ್ಕೆ ಜಾಗ ಇಲ್ಲ. ಆಮೇಲೆ ಅದೇ ಕೆಲಸ ಮಾಡುವ ಟ್ವಿನ್‌ಮೋಶನ್ ಮ್ಯಾಕ್‌ನಲ್ಲೇ ನೇರವಾಗಿ ಓಡುತ್ತದೆ ಅಂತ ಗೊತ್ತಾಯಿತು. ರೆವಿಟ್‌ನಿಂದ ತ್ರೀಡಿ ನೋಟವನ್ನು ಎಫ್‌ಬಿಎಕ್ಸ್ ಎಂಬ ಬಗೆಯ ಫೈಲ್ ಆಗಿ ಹೊರಗೆ ತೆಗೆದು, ವಿಂಡೋಸ್ ಮುಚ್ಚಿ, ಮ್ಯಾಕ್ ಕಡೆ ಟ್ವಿನ್‌ಮೋಶನ್‌ನಲ್ಲಿ ತೆರೆಯುತ್ತೇನೆ. ವಿಂಡೋಸ್ ಮುಚ್ಚುವುದನ್ನು ಮರೆಯಬೇಡಿ, ಆ 10 ಜಿಬಿ ವಾಪಸ್ ಸಿಗಬೇಕಲ್ಲ. ಇಲ್ಲಿ ದುಭಾಷಿಯೂ ಇಲ್ಲ, ಬಾಡಿಗೆದಾರನೂ ಇಲ್ಲ. ಅದೇ ಯಂತ್ರ ಎಷ್ಟು ಸರಾಗವಾಗಿ ಓಡುತ್ತದೆ ಅಂದರೆ, ಮಳೆ ಸುರಿಯುವ ಅಂಗಳವನ್ನು ನೋಡುತ್ತಾ ಸ್ವಲ್ಪ ಹೊತ್ತು ಕೆಲಸವನ್ನೇ ಮರೆತಿದ್ದೆ. ರೆವಿಟ್ ಕೂಡ ಹೀಗೆ ಮ್ಯಾಕ್‌ಗೆಂದೇ ಬಂದಿದ್ದರೆ ಅನಿಸದೆ ಇರಲಿಲ್ಲ.

ದೊಡ್ಡ ಕೆಲಸಕ್ಕೆ ಈ ವ್ಯವಸ್ಥೆ ಆಗುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಜುಲೈನಲ್ಲಿ ಒಂದು ಕಲ್ಯಾಣ ಮಂಟಪದ ಕೆಲಸ ಬಂತು. ಸ್ಟ್ರಕ್ಚರ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ಮಾಡೆಲ್‌ಗಳನ್ನೆಲ್ಲ ಲಿಂಕ್ ಮಾಡಿದರೆ 300 ಎಂಬಿ ಮೇಲೆ. ಏರ್‌ನಲ್ಲಿ ತೆರೆಯಲು ನೋಡಿ ಕೈಬಿಟ್ಟೆ. ಕಚೇರಿಯಲ್ಲಿ ಹಳೆಯ ವಿಂಡೋಸ್ ಡೆಸ್ಕ್‌ಟಾಪ್ ಒಂದು ಮೂಲೆಯಲ್ಲಿತ್ತು. ಅದಕ್ಕೆ 32 ಜಿಬಿ ಮೆಮೊರಿ ಹಾಕಿಸಿ, ಯುಪಿಎಸ್‌ಗೆ ಜೋಡಿಸಿ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮನೆಯಿಂದ ಮ್ಯಾಕ್‌ನಲ್ಲೇ ಅದನ್ನು ಬಳಸುತ್ತೇನೆ. ಶಿವಮೊಗ್ಗ ಪೇಟೆಯೊಳಗೆ ಇಂಟರ್ನೆಟ್ ಚೆನ್ನಾಗಿದೆ, ಇದು ಆರಾಮಾಗಿ ನಡೆಯುತ್ತದೆ. ಹಳ್ಳಿಗೆ ಹೋದರೆ ಸಿಗ್ನಲ್ ಒಂದು ಕಡ್ಡಿ ಬಂದು ಹೋಗುತ್ತದೆ, ಅಲ್ಲಿ ರಿಮೋಟ್ ನಂಬಿಕೊಂಡರೆ ಕೆಲಸ ಕೆಟ್ಟಿತು. ಅಲ್ಲಿಗೆ ಕೈಯಲ್ಲಿರುವ ಲ್ಯಾಪ್‌ಟಾಪ್ ಒಳಗೇ ಮನೆ ಇರಬೇಕು.

ಆಗಸ್ಟ್‌ನಲ್ಲಿ ಸಾಗರದ ಮನೆಯವರಿಗೆ ಚಿತ್ರ ತೋರಿಸಲು ಹೋದೆ. ಹೋದಾಗಲೇ ಕರೆಂಟು ಇರಲಿಲ್ಲ, ಹಿಂದಿನ ರಾತ್ರಿ ಎಲ್ಲೋ ಮರ ಬಿದ್ದಿತ್ತಂತೆ. ಹಳೆಯ ಮನೆಯ ಜಗಲಿಯಲ್ಲಿ ಕೂತು ಪ್ರಿಂಟ್ ಹರಡಿದೆ. ಕೋಣೆಗಳ ಹೆಸರನ್ನೆಲ್ಲ ಕನ್ನಡದಲ್ಲಿ ಹಾಕಿದ್ದೆ. ಮ್ಯಾಕ್ ಕಡೆ ಟೈಪ್ ಮಾಡಿ ರೆವಿಟ್‌ಗೆ ಪೇಸ್ಟ್ ಮಾಡಿದ್ದು. ಫಾಂಟ್ ಮಾತ್ರ ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಇಟ್ಟಿದ್ದೆ, ಮ್ಯಾಕ್‌ನ ಕನ್ನಡ ಫಾಂಟ್‌ಗಳು ಆ ಕೋಣೆಯೊಳಗೆ ಇರುವುದಿಲ್ಲ. ಮನೆಯ ಹಿರಿಯಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ದೇವರ ಮನೆ, ಅಡುಗೆ ಮನೆ, ಉಗ್ರಾಣ, ಬಚ್ಚಲು ಮನೆ. ಬಚ್ಚಲಿನ ಹತ್ತಿರ ಬೆರಳು ನಿಂತಿತು.

"ಹಂಡೆ ಒಲೆಗೆ ಸೌದೆ ಎಲ್ಲಿಂದ ಹಾಕುವುದು?"

ನಾನು ಒಲೆ ಇಟ್ಟಿದ್ದೆ, ಹೊಗೆ ಹೋಗಲು ಚಿಮಣಿ ಇಟ್ಟಿದ್ದೆ. ಒಲೆಯ ಬಾಯಿ ಒಳಗಡೆ ಇತ್ತು. ಸೌದೆ ಹೊರಗಿನಿಂದ ಹಾಕುವಂತಿರಬೇಕು, ಇಲ್ಲದಿದ್ದರೆ ಬಚ್ಚಲು ತುಂಬ ಬೂದಿ, ಹೊಗೆ, ಅವರು ಹೇಳಿದ್ದು ಸರಿ. ಜೊತೆಗೆ ಅಡುಗೆಮನೆ ಕಿಟಕಿಯಿಂದ ಕೊಟ್ಟಿಗೆ ಕಾಣಬೇಕು, ಈಗ ಗೋಡೆ ಕಾಣುತ್ತದೆ ಎಂದರು.

ಲ್ಯಾಪ್‌ಟಾಪ್ ತೆರೆದೆ. ಬ್ಯಾಟರಿ 71 ಇತ್ತು. ವಿಂಡೋಸನ್ನು ಮಲಗಿಸಿಟ್ಟಿದ್ದೆ, ಅದು ಎದ್ದಿತು, ರೆವಿಟ್ ಹಿಂದಿನ ದಿನ ಬಿಟ್ಟ ಜಾಗದಲ್ಲೇ ಇತ್ತು. ಕಿಟಕಿಯನ್ನು ಎರಡೂವರೆ ಅಡಿ ಎಡಕ್ಕೆ ಎಳೆದೆ, ಎಲಿವೇಶನ್‌ನಲ್ಲೂ ಅದು ಸರಿಯಿತು. ಬಚ್ಚಲಿನ ಹೊರಗೋಡೆಯಲ್ಲಿ ಒಲೆಯ ಬಾಯಿ ಕೊರೆದೆ, ಅದರ ಮೇಲೆ ಮಳೆ ಬೀಳದಂತೆ ಸೂರನ್ನು ಒಂದಡಿ ಚಾಚಿದೆ. ಶೆಡ್ಯೂಲ್‌ನಲ್ಲಿ ಹಂಚು ಹದಿನೆಂಟು ಜಾಸ್ತಿಯಾಯಿತು. ಮನೆಯನ್ನು ತಿರುಗಿಸಿ ಹಿರಿಯಮ್ಮನಿಗೆ ತೋರಿಸಿದೆ. "ಹ್ಞಾ, ಹಿಂಗೆ" ಎಂದರು. ಸೇವ್ ಮಾಡಿ, ರೆವಿಟ್ ಮುಚ್ಚಿ, ತಾರೀಕು ಹಾಕಿ ಫೈಲನ್ನು ಮ್ಯಾಕ್ ಫೋಲ್ಡರ್‌ಗೆ ಕಾಪಿ ಮಾಡಿದೆ. ಬ್ಯಾಟರಿ 62 ಇತ್ತು. ಮಳೆ ಇನ್ನೂ ಬರುತ್ತಿತ್ತು, ಒಳಗಿನಿಂದ ಕಾಫಿ ಬಂತು.